ಕೇಳಿಸಿಕೊಂಡ ಹಲಗೆ

ಅಕ್ಟೋಬರ್ 21, ಬೆಳಿಗ್ಗೆ

ತಿಯೋ ಇಂಗ್ಗೊ ಬನ್ನನ್ನೂ ತಟ್ಟಿ ನೋಡುತ್ತಾರೆ. ಇವತ್ತೇ ಗಮನಕ್ಕೆ ಬಂತು. ಕಾಫಿಗೆ ಅದ್ದುವ ಮೊದಲು ನಡುಬೆರಳಿನ ಗೆಣ್ಣಿನಿಂದ ಟಕ್ ಟಕ್ — ತಲೆ ಸ್ವಲ್ಪ ಓರೆ, ಕಣ್ಣು ಅರ್ಧ ಮುಚ್ಚಿ. ಬನ್ನು ಏನು ಹೇಳಿತೋ. ತಿಂದರು.

ತಿಯೋ ಎಂದರೆ ಮಾವ, ಅಮ್ಮನ ಅಣ್ಣ. ಗಿಟಾರು ಮಾಡಿ ಮಾಡಿ ಹೀಗಾಗಿದ್ದಾರೆ. ಬಾಗಿಲು, ಮೇಜು, ಕಲ್ಲಂಗಡಿ, ಜೀಪಿನ ಸೀಟು, ಎಲ್ಲವನ್ನೂ ತಟ್ಟುತ್ತಾರೆ. ಒಮ್ಮೆ ಸಾವಿನ ಮನೆಯಲ್ಲಿ ಶವಪೆಟ್ಟಿಗೆಯನ್ನು ತಟ್ಟಿ ಅಮ್ಮನಿಂದ ಬೈಸಿಕೊಂಡಿದ್ದರು. ಅಷ್ಟು ಒಳ್ಳೆಯ ಮರವನ್ನು ಮಣ್ಣಿಗೆ ಹಾಕುತ್ತಾರಲ್ಲ ಎಂದು ಅವರ ದುಃಖ. ಸತ್ತವರು ಅವರ ಗೆಳೆಯರೇ.

ಇವತ್ತೂ ಮೂರು ಗಿಟಾರಿಗೆ ಅಲಂಕಾರಕ್ಕೆ ಕಪ್ಪೆಚಿಪ್ಪಿನ ಚೂರು ಕೂರಿಸಿದೆ. ನಮ್ಮ ಮಕ್ತಾನ್ ದ್ವೀಪದ ಈ ಗಿಟಾರಿನ ಓಣಿಯಲ್ಲಿ ಹೆಂಗಸರ ಕೆಲಸ ಅದು — ಚಿಪ್ಪು, ಸ್ಯಾಂಡ್‌ಪೇಪರ್, ಮೆರುಗು. ಕೊಯ್ಯುವುದು, ಬಗ್ಗಿಸುವುದು, ಅಂಟಿಸುವುದು ಗಂಡಸರದು. ಯಾರೂ ಹೀಗೆಂದು ಹೇಳಿಲ್ಲ. ಯಾರೂ ಕೇಳಿಯೂ ಇಲ್ಲ, ನಾನೂ ಸೇರಿ.

ನಾನು ಅರ್ಜಿ ಹಾಕಿದ ಕಾಲ್ ಸೆಂಟರಿನಿಂದ ಫೋನ್ ಬಂತಾ ಎಂದು ಅಮ್ಮ ಕೇಳಿದಳು. ಬಂದಿತ್ತು. ನಾನು ಎತ್ತಲಿಲ್ಲ. ಫೋನೆತ್ತಲು ಹೆದರುವವಳಿಗೆ ಫೋನೆತ್ತುವ ಕೆಲಸ.

ಅಕ್ಟೋಬರ್ 23

ಮೊದಲಿನಿಂದ ಬರೆಯುತ್ತೇನೆ.

ತಿಯೋ ಈಗ ಹೊಸ ಮರ ಕೊಳ್ಳುವುದಿಲ್ಲ. ಕಳೆದ ಡಿಸೆಂಬರಿನ ಚಂಡಮಾರುತ ಉರುಳಿಸಿದ್ದೇ ಸಾಕಷ್ಟಿದೆ — ಮನೆಗಳ ಕಿಟಕಿ, ಮೆಟ್ಟಿಲು, ಬೀರು, ಬುಡಸಮೇತ ಬಿದ್ದ ಹಲಸು. ಹಳೆಯ ಮರ ಅಳುವುದನ್ನೆಲ್ಲ ಅತ್ತು ಮುಗಿಸಿರುತ್ತದೆ, ಇನ್ನು ಹಾಡುವುದಷ್ಟೇ ಬಾಕಿ, ಎನ್ನುತ್ತಾರೆ. ಗಿರಾಕಿಗಳಿಗೆ ಹೇಳಲು ಕಟ್ಟಿದ ಮಾತು. ಆದರೂ ಚೆನ್ನಾಗಿದೆ.

ಚರ್ಚಿನ ಮುರಿದ ಬೆಂಚುಗಳನ್ನು ತರಲು ಹೋಗಿದ್ದೆವು. ಹಿತ್ತಲಿನಲ್ಲಿ, ನೀಲಿ ಟಾರ್ಪಾಲಿನ ಕೆಳಗೆ, ಹಳೆಯ ಪಾಪನಿವೇದನೆಯ ಗೂಡು ನಿಂತಿತ್ತು. ಚಾವಣಿ ಬಿದ್ದಾಗ ಒಂದು ಮಗ್ಗುಲು ಜಜ್ಜಿಹೋಗಿದೆ. ನಡುವೆ ಫಾದರ್ ಕೂರುವ ಜಾಗ. ಬಲಕ್ಕೆ ಗಂಡಸರು ಮಂಡಿಯೂರುವ ಕಡೆ, ಎಡಕ್ಕೆ ಹೆಂಗಸರದು. ಎರಡೂ ಕಡೆ ಪಿಸುಮಾತು ದಾಟಲು ತೂತುತೂತಿನ ಜಾಲರಿ. ಗಂಡಸರ ಕಡೆಯನ್ನು ಗೆದ್ದಲು ಪೂರಾ ತಿಂದಿದೆ. ತಿಯೋ ನೋಡಿ, "ಭಾರ ತಡೀಲಿಲ್ಲ ಪಾಪ," ಎಂದರು.

ಹೆಂಗಸರ ಕಡೆ ಜಾಲರಿಯ ಪಕ್ಕ ಒಂದು ಉದ್ದ ಹಲಗೆ. ಮಂಡಿಯೂರಿದವರ ಹಣೆ ಆನುವ ಎತ್ತರದಲ್ಲಿ ಅಂಗೈಯಗಲದ ಕಪ್ಪು ಕಲೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗಳು. ಎಷ್ಟು ತಲೆಮಾರಿನ ತಲೆಗಳೋ. ನನ್ನದೂ ಇರಬೇಕು.

ಯಾರೂ ನೋಡುತ್ತಿರಲಿಲ್ಲ. ತಟ್ಟಿದೆ. ಜೀವನದಲ್ಲಿ ಮೊದಲ ಸಲ, ತಿಯೋನ ಹಾಗೆ, ಗೆಣ್ಣಿನಿಂದ.

ಅದು ಟಕ್ ಎನ್ನಲಿಲ್ಲ. ಊಂ ಎಂದಿತು. ಯಾರೋ ಮಾತು ಕೇಳುತ್ತ ಹೂಂಗುಟ್ಟುವ ಹಾಗೆ. ಬೆರಳು ತೆಗೆದ ಮೇಲೂ ಇತ್ತು. ಇನ್ನೊಮ್ಮೆ ತಟ್ಟಿದೆ. ಊಂ.

ತಿಯೋನ ತೋಳು ಹಿಡಿದು ಎಳೆದು ತಂದೆ. ಅವರೂ ತಟ್ಟಿದರು. ಕೆಳಗೆ, ಮೇಲೆ, ಅಂಚಿನಲ್ಲಿ. ಕಿವಿಯಿಟ್ಟರು. ಆಮೇಲೆ ನನ್ನ ಕಡೆ ಹೊಸದಾಗಿ ಪರಿಚಯವಾದವಳನ್ನು ನೋಡುವಂತೆ ನೋಡಿದರು.

"ಹಡಗಲ್ಲಿ ಬಂದಿರೋ ಪೈನು ಕಣೇ ಇದು. ನಮ್ಮಜ್ಜನ ಕಾಲದ್ದು. ನಾನು ಪ್ರತಿ ಭಾನುವಾರ ಇದರ ಪಕ್ಕಾನೇ ನಿಂತಿರ್ತಿದ್ದೆ. ಒಂದ್ ಸಲಾನೂ ತಟ್ಟಲಿಲ್ಲ ನೋಡು."

"ಗಿಟಾರಿನ ಮುಖಕ್ಕೆ…" ಎಂದೆ. ಪೂರ್ತಿ ಮಾಡಲಿಲ್ಲ. ಮಾಡಬೇಕಾಗಲಿಲ್ಲ.

ಅಕ್ಟೋಬರ್ 24

ಅಷ್ಟು ಸುಲಭವಿಲ್ಲ. ಮಂತ್ರಿಸಿದ ವಸ್ತು ಮುರಿದರೆ ಸುಡಬೇಕು ಅಥವಾ ಹೂಳಬೇಕು. ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಪದ್ಧತಿ. ಬೆಂಚು ಬೇರೆ, ಗೂಡು ಬೇರೆ.

ಹೇಳಿದವರು ನಾಂಗ್ ಲುಮಿಂಗ್. ನಾಂಗ್ ಎಂದರೆ ಅಕ್ಕ; ಚರ್ಚಿನ ಹೆಂಗಸರ ಸಂಘದ ಹಿರಿಯಕ್ಕ. ಅವರು ನೋಡಿದರೆ ಮೇಣದಬತ್ತಿಯೂ ನೆಟ್ಟಗೆ ನಿಲ್ಲುತ್ತದೆ. ಫಾದರ್ ಅಮಾಂಡೊ ಎದುರು ಕೈಕಟ್ಟಿ ನಿಂತು, ಗೂಡಿನ ಒಂದು ಚಕ್ಕೆಯೂ ಹೊರಗೆ ಹೋಗಬಾರದು, ಎಲ್ಲ ಬೆಂಕಿಗೆ, ಎಂದರು. ದನಿ ಏರಿಸಲಿಲ್ಲ. ಏರಿಸುವುದೇ ಇಲ್ಲ.

ತಿಯೋ ವಾದ ಮಾಡಿದರು. ಫಾದರ್ ಗಲ್ಲ ಕೆರೆದುಕೊಂಡರು. ಅವರಿಗೆ ಇನ್ನೂ ಚಿಕ್ಕ ವಯಸ್ಸು, ನಾಂಗ್ ಲುಮಿಂಗ್ ಎಂದರೆ ಅವರಿಗೂ ಭಯ. ಕೊನೆಗೆ ಒಂದು ದಾರಿ ಹುಡುಕಿದರು. ಗಿಟಾರು ಮಾರುವಂತಿಲ್ಲ. ಚರ್ಚಿನ ಮರ, ಚರ್ಚಿಗೇ ವಾಪಸು, ಹಾಡಿನವರ ಕೈಗೆ. ಕ್ರಿಸ್‌ಮಸ್ಸಿನ ಮುಂಚೆ ಒಂಬತ್ತು ದಿನ ನಡೆಯುವ ನಸುಕಿನ ಪೂಜೆಯ ಮೊದಲ ದಿನ, ಡಿಸೆಂಬರ್ ಹದಿನಾರಕ್ಕೆ, ಅದು ನುಡಿಯಬೇಕು. ನುಡಿಯದಿದ್ದರೆ ಉಳಿದ ಗೂಡಿನ ಜೊತೆ ಅದೂ ಬೆಂಕಿಗೆ.

"ಯಾರು ಮಾಡ್ತಾರೆ?" ಎಂದು ನಾಂಗ್ ಲುಮಿಂಗ್ ಕೇಳಿದರು.

ತಿಯೋ ನನ್ನ ಕಡೆ ಬೆರಳು ತೋರಿಸಿದರು.

ನನಗೆ ಮೊದಲೇ ಹೇಳಿರಲಿಲ್ಲ. ನೆಲ ನೋಡುತ್ತ ನಿಂತೆ. ಮನೆಗೆ ಬರುವ ದಾರಿಯಲ್ಲಿ ನಗು ತಡೆಯಲಾಗಲಿಲ್ಲ. ಒಬ್ಬಳೇ ನಗುತ್ತ ನಡೆದೆ. ಜನ ನೋಡಿದರು. ನೋಡಲಿ.

ಅಕ್ಟೋಬರ್ 28

ಕೊಯ್ದೆವು.

ಹಲಗೆಯನ್ನು ನೆಟ್ಟಗೆ ಕಟ್ಟಿ, ಉದ್ದ ಗರಗಸದ ಒಂದು ತುದಿ ತಿಯೋ, ಇನ್ನೊಂದು ನಾನು. ದಪ್ಪವನ್ನು ಎರಡಾಗಿ ಸೀಳಬೇಕು, ಒಂದು ಹಲಗೆಯಿಂದ ಎರಡು ತೆಳು ಹಾಳೆ. ಎಳೆಯಬೇಕು, ತಳ್ಳಬಾರದು. ತಳ್ಳಿದರೆ ಗರಗಸ ಬಾಗುತ್ತದೆ. "ನಿನ್ನ ಸರದಿ ಬಂದಾಗ ಎಳಿ. ನನ್ನ ಸರದೀಲಿ ಸುಮ್ನಿರು," ಎಂದರು. ಸುಮ್ಮನಿರುವುದು ನನಗೆ ಗೊತ್ತಿರುವ ವಿದ್ಯೆ.

ಸೀಳಿನಿಂದ ವಾಸನೆ ಬಂತು. ರಾಳ. ಅದರ ಹಿಂದೆ ಧೂಪ. ಅಷ್ಟು ವರ್ಷದ ಧೂಪ ಮರದೊಳಗೆ ಹೋಗಿ ಕೂತಿದೆ. ತಿಯೋ ಗರಗಸ ನಿಲ್ಲಿಸಿ ಉಸಿರೆಳೆದುಕೊಂಡರು.

ಆಮೇಲೆ ಬಿಡಿಸಿದೆವು — ಪುಸ್ತಕ ತೆರೆದಂತೆ. ಸೀಳಿದ ಎರಡು ಒಳಮೈ ಈಗ ಮೇಲೆ. ಜೇನಿನ ಬಣ್ಣ, ಬಾಚಿದ ಕೂದಲಿನಂಥ ಎಳೆ, ಎಡಕ್ಕೆ ಇರುವುದೇ ಬಲಕ್ಕೆ. ಎಲ್ಲ ಗಿಟಾರಿಗೂ ಹೀಗೇ ಮಾಡುತ್ತಾರೆ. ನೂರು ಸಲ ನೋಡಿದ್ದೇನೆ. ಆದರೆ ಇದು…

ಹೊಸ ಮೈ ಹೊರಕ್ಕೆ ಬಂದರೆ ಹಳೆಯ ಮೈ ಗಿಟಾರಿನ ಒಳಕ್ಕೆ ಹೋಗುತ್ತದೆ. ಒಂದು ಹಾಳೆಯ ಹಿಂಬದಿ ಹೆಂಗಸರು ಹಣೆಯಿಟ್ಟ ಕಡೆ. ಇನ್ನೊಂದರ ಹಿಂಬದಿ ಫಾದರ್ ಕಿವಿಯಿಟ್ಟ ಕಡೆ. ಅರ್ಧ ಗಿಟಾರು ಹೇಳಿದವರದು, ಅರ್ಧ ಕೇಳಿದವರದು.

ತಿಯೋಗೆ ಹೇಳಿದೆ. ಒಂದೇ ಉಸಿರಿನಲ್ಲಿ, ಇಷ್ಟು ಮಾತು ಯಾವಾಗ ಆಡಿದ್ದೆ ನೆನಪಿಲ್ಲ. ಅವರು ಕಿವಿಯಿಂದ ಮರದ ಪುಡಿ ತೆಗೆಯುತ್ತ ಕೇಳಿದರು. ಕೊನೆಗೆ, "ಕಾಲೇಜಿಗೆ ಕಟ್ಟಿದ ಫೀಸು ಇಲ್ಲಿ ವಸೂಲಾಯ್ತು," ಎಂದರು.

ನವೆಂಬರ್ 2

ಸತ್ತವರ ದಿನ. ಸ್ಮಶಾನದಲ್ಲಿ ಇಡೀ ಊರು. ಅಜ್ಜನ ಸಮಾಧಿಯ ಪಕ್ಕ ಚಾಪೆ, ಎಲೆಯಲ್ಲಿ ಬೇಯಿಸಿದ ಅನ್ನ, ಒಣಮೀನು, ರೇಡಿಯೊ.

ಗಿಟಾರಿನ ಸುದ್ದಿ ಎಲ್ಲರಿಗೂ ಹಬ್ಬಿದೆ. ಎಲ್ಲರದೂ ತಮಾಷೆ. ಬೈಕಿಗೆ ಪಕ್ಕದ ಗಾಡಿ ಜೋಡಿಸಿದ ಬಾಡಿಗೆ ಟ್ರೈಸಿಕಲ್ ಓಡಿಸುವ ಬೆರ್ತೊ — ಚರ್ಚಿನ ಹಾಡಿನವರಲ್ಲಿ ಗಿಟಾರು ನುಡಿಸುವವನು ಅವನೇ — ಅದನ್ನು ನುಡಿಸಲು ತನಗೆ ಹೆದರಿಕೆಯಾಗುತ್ತದೆ ಎಂದ. "ನಾನೊಂದು ಸ್ವರ ಮೀಟ್ತೀನಿ, ಒಳಗಿಂದ ನನ್ನತ್ತೆ ಧ್ವನಿ ಬಂದ್ರೆ?"

ಅವನ ಹೆಂಡತಿ, "ಗಂಡಸರ ಕಡೆ ಹಲಗೆ ಅಲ್ಲವಲ್ಲ, ನೀನು ಬಚಾವಾದೆ. ನಿಂದನ್ನ ಗೆದ್ದಲು ತಿಂದು ಸತ್ತಿದೆ," ಎಂದಳು.

ಸಮಾಧಿಗಳ ನಡುವೆ ನಗುವೋ ನಗು. ನಾನೂ ನಕ್ಕೆ. ಆಗ ಕಂಡಿತು — ಆಚೆ ಸಾಲಿನಲ್ಲಿ ನಾಂಗ್ ಲುಮಿಂಗ್. ಒಬ್ಬರೇ. ಮದುವೆಯಾಗಿಲ್ಲ ಅವರು. ಮೇಣದಬತ್ತಿ ಹಚ್ಚುತ್ತಿದ್ದರು, ಗಾಳಿಗೆ ಆರುತ್ತಿತ್ತು, ಮತ್ತೆ ಹಚ್ಚುತ್ತಿದ್ದರು. ನಗುತ್ತಿರಲಿಲ್ಲ. ಬೈಯಲೂ ಇಲ್ಲ. ಅದು ವಿಚಿತ್ರ.

ನವೆಂಬರ್ 9

ಗೂಡಿನ ಬಾಗಿಲು ನಾರಾ ಮರದ್ದು, ನಮ್ಮ ಕಡೆಯ ಗಟ್ಟಿ ಕೆಂಪು ಮರ. ಅದರಿಂದ ಗಿಟಾರಿನ ಬೆನ್ನು, ಪಕ್ಕೆ. ಪಕ್ಕೆಯನ್ನು ನೀರಲ್ಲಿ ನೆನೆಸಿ, ಕಾದ ಕೊಳವೆಗೆ ಒತ್ತಿ ಬಗ್ಗಿಸಬೇಕು. ನೀರು ಕೆಂಪು ಚಹಾದಂತಾಯಿತು. ಮೊದಲ ಪಕ್ಕೆ ಒಡೆದೆ. ಎರಡನೆಯದು ಸೊಂಟದ ಹತ್ತಿರ ಮೆಲ್ಲಗೆ, ತಾನೇ ಒಪ್ಪಿಕೊಂಡು ಬಾಗಿತು. ಕೈಗೆ ಗೊತ್ತಾಗುತ್ತದೆ ಒಪ್ಪಿಕೊಂಡ ಕ್ಷಣ. ಅಂಗೈ ಸುಟ್ಟಿದೆ. ಪರವಾಗಿಲ್ಲ.

ಮುಖದ ಹಲಗೆಯ ಒಳಮೈಯ ಬಗ್ಗೆ ಒಂದು ವಾದ. ತಿಯೋ ಕಲೆ ಕೀಸಿ ತೆಗೆಯಬೇಕೆಂದರು, ಹಲಗೆಯನ್ನು ಒಳಗಿನಿಂದ ಹಿಡಿದಿಡುವ ಒಳಪಟ್ಟಿಗಳನ್ನು ಶುದ್ಧ ಮರಕ್ಕೇ ಅಂಟಿಸಬೇಕು. ನಾನು ಬೇಡವೆಂದೆ. ಹಣೆಯಿಟ್ಟ ಮೈ ಹಾಗೇ ಇರಲಿ. ದಪ್ಪ ತಗ್ಗಿಸುವುದಾದರೆ ಹೊರಗಿನಿಂದ ತಗ್ಗಿಸೋಣ. ಆ ಚರ್ಮ ಹೋದರೆ ಇದು ಯಾವುದೋ ಒಂದು ಪೈನ್ ಹಲಗೆ.

ತಿಯೋ ಬಹಳ ಹೊತ್ತು ಉಜ್ಜುಗೊರಡು ಕೈಯಲ್ಲಿ ಹಿಡಿದು ಕೂತಿದ್ದರು. ಆಮೇಲೆ ಕೆಳಗಿಟ್ಟರು. ಅವರ ಅಮ್ಮನೂ ಅಲ್ಲಿ ಮಂಡಿಯೂರಿದವರೇ.

ಗೆದ್ದೆ.

ಡಿಸೆಂಬರ್ 3

ಇಷ್ಟು ದಿನ ಬರೆಯಲಿಲ್ಲ. ಬರೆಯುವ ಕೈ ಅಂಟಾಗಿತ್ತು. ನಿಜವಾಗಿ.

ಈಗ ಅದಕ್ಕೆ ಆಕಾರ ಬಂದಿದೆ. ಬೆನ್ನು ಮುಚ್ಚಿದೆವು. ಕತ್ತು ಹಲಸಿನದು, ಬಿದ್ದ ಮರದ್ದೇ. ನಡುವಿನ ತೂತಿನ ಸುತ್ತ ಚಿಪ್ಪು ಬೇಡವೆನಿಸಿತು, ಎಷ್ಟೋ ವರ್ಷದಿಂದ ಚಿಪ್ಪು ಕೂರಿಸಿದವಳಿಗೇ. ಬದಲು ಜಾಲರಿಯ ತೂತುಗಳಂತೆ ಚಿಕ್ಕ ಚಿಕ್ಕ ಚುಕ್ಕೆ, ಕಪ್ಪು ಮರದ್ದು, ಒಂದು ಬಳೆಯಷ್ಟು ಅಗಲ. ತಿಯೋ ನೋಡಿ ಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದರು.

ಅಮ್ಮನೂ ಬಂದು ನೋಡಿದಳು. ಕಾಲ್ ಸೆಂಟರಿನವರು ಜನವರಿಯಲ್ಲಿ ಬಾ ಎಂದಿದ್ದಾರೆ, ಅದನ್ನು ಹೇಳಲು ಬಂದಿದ್ದು. ಹೇಳುವುದನ್ನು ಮರೆತು ಗಿಟಾರಿನ ಬೆನ್ನು ಸವರುತ್ತ ನಿಂತಳು. ಬಾಗಿಲ ತನಕ ಹೋಗಿ ನೆನಪಾಗಿ ಅಲ್ಲಿಂದಲೇ ಹೇಳಿದಳು.

ಡಿಸೆಂಬರ್ 8, ಸಂಜೆ

ಇವತ್ತು ತಂತಿ ಕಟ್ಟಿದೆವು.

ತಿಯೋ ಒಂದೊಂದೇ ಬಿರಡೆ ತಿರುಗಿಸಿದರು. ತಂತಿ ಬಿಗಿಯಾಗುವಾಗ ಮರ ಕಿರ್ ಎನ್ನುತ್ತದೆ, ನಿದ್ದೆಯಿಂದ ಏಳುವವರು ಮೈಮುರಿದಂತೆ. ಗಿಟಾರನ್ನು ನನ್ನ ಮಡಿಲಿಗಿಟ್ಟರು. ಮೊದಲು ಮೀಟಬೇಕಾದವಳು ಮಾಡಿದವಳು, ಎಂದರು.

ಮೀಟಿದೆ. ಎದೆಗೆ ಆನಿಸಿಕೊಂಡಿದ್ದೆನಲ್ಲ, ಮೊದಲು ಎದೆಗೆ ಕೇಳಿತು, ಆಮೇಲೆ ಕಿವಿಗೆ. ಆಳವಾದ, ಸ್ವಲ್ಪ ಒರಟು ಗಂಟಲು. ಮುದುಕಿಯ ಗಂಟಲು, ಆದರೆ ದಣಿದಿಲ್ಲ. ನೋಡಿದರೆ ಬೀದಿಯ ಬಾಗಿಲಲ್ಲಿ ಜನ ನಿಂತಿದ್ದರು. ನನಗೆ ನಾಚಿಕೆಯೂ ಆಗಲಿಲ್ಲ. ಅಷ್ಟು —

(ಮುಂದಿನದು ಒಂದು ಗಂಟೆಯ ನಂತರ.)

ಒಳಗೆ ಏನೋ ಬಿತ್ತು. ಟಕ್. ಆಮೇಲೆ ಇನ್ನೊಂದು. ಎತ್ತಿ ಅಲ್ಲಾಡಿಸಿದರೆ ಒಳಗೆ ಕಟಕಟ. ಮುಖದ ಹಲಗೆ ತಂತಿ ಹೊರುವ ಕುದುರೆಯ ಹತ್ತಿರ ಉಬ್ಬಿ ಬರುತ್ತಿದೆ. ತಿಯೋ ಗಡಬಡಿಸಿ ತಂತಿ ಸಡಿಲಿಸಿದರು.

ಒಳಪಟ್ಟಿಗಳು ಕಳಚಿಕೊಂಡಿವೆ. ಹದಿನಾರಕ್ಕೆ ಎಂಟೇ ದಿನ.

ಡಿಸೆಂಬರ್ 9

ಕಾದ ಚಾಕು ಹಾಕಿ ಬೆನ್ನು ಬಿಚ್ಚಿದೆವು. ತಿಯೋ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಟು ಹಳೆಯದಾಗಿರಬೇಕು, ತೇವ ಇರಬೇಕು, ಎಂದು ತಮ್ಮ ಮೇಲೇ ಹಾಕಿಕೊಂಡರು. ಎಲ್ಲ ಮತ್ತೆ ಅಂಟಿಸೋಣ ಎಂದರು.

ನಾನು ನೋಡುತ್ತ ಕೂತೆ. ಬಿದ್ದಿದ್ದು ಎಲ್ಲ ಪಟ್ಟಿ ಅಲ್ಲ. ಫಾದರ್ ಕಿವಿಯಿಟ್ಟ ಅರ್ಧದಲ್ಲಿ ಒಂದೂ ಅಲುಗಿಲ್ಲ, ಕಲ್ಲಿನ ಹಾಗೆ ಕೂತಿವೆ. ಬಿದ್ದಿದ್ದು ಹೆಂಗಸರ ಅರ್ಧದವು ಮಾತ್ರ. ಅದೇ ಅಂಟು, ಅದೇ ದಿನ, ಅದೇ ಕೈ.

ಬೆರಳು ಒದ್ದೆ ಮಾಡಿ ಎರಡೂ ಕಡೆ ಒಂದೊಂದು ಹನಿ ಬಿಟ್ಟೆ. ಫಾದರ್ ಕಡೆಯ ಹನಿ ಹರಡಿ ಇಂಗಿತು. ಹೆಂಗಸರ ಕಡೆಯದು ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತಿತು. ಓರೆ ಮಾಡಿದರೆ ಉರುಳಿತು.

ಈ ಮರ ಏನನ್ನೋ ಕುಡಿದಿದೆ. ನಾನು ಉಳಿಸಿ ಎಂದು ಹಟ ಹಿಡಿದ ಆ ಚರ್ಮವೇ ಅಂಟು ಹಿಡಿಯದ್ದು.

ತಿಯೋಗೆ ತೋರಿಸಿದೆ. ತಲೆ ಮೇಲೆ ಕೈಯಿಟ್ಟುಕೊಂಡು ನಗಲು ಶುರುಮಾಡಿದರು. ಹುಡುಗನಾಗಿದ್ದಾಗ ಹಬ್ಬದ ಹಿಂದಿನ ದಿನ ಹೆಂಗಸರೆಲ್ಲ ಸೇರಿ ಗೂಡಿಗೆ ಏನೋ ಉಜ್ಜಿ ಉಜ್ಜಿ ಹೊಳಪು ಬರಿಸುತ್ತಿದ್ದರಂತೆ. ತೆಂಗಿನ ಸಿಪ್ಪೆ ತಂದುಕೊಡುತ್ತಿದ್ದವರೇ ಇವರು. ಏನು ಹಚ್ಚುತ್ತಿದ್ದರೋ ಗೊತ್ತಿಲ್ಲ. ಏನೆಂದು ತಿಳಿಯದೆ ಅದನ್ನು ತೆಗೆಯುವುದು ಹೇಗೆ.

ಆ ಕಾಲದಲ್ಲಿ ಉಜ್ಜಿದವರಲ್ಲಿ ಉಳಿದಿರುವವರು ಒಬ್ಬರೇ, ನಾಂಗ್ ಲುಮಿಂಗ್.

"ನಾನು ಹೋದ್ರೆ ಬಾಗ್ಲೂ ತೆಗೆಯಲ್ಲ ಆಕೆ," ಎಂದರು ತಿಯೋ. "ನೀನು ಹೋಗು ಇಂದಾಯ್, ಮಗಳೇ."

ಡಿಸೆಂಬರ್ 10

ಹೋದೆ.

ಗೇಟಿನ ಹೊರಗೆ ನಿಂತು ವಾಕ್ಯ ಕಟ್ಟಿದೆ. ಅಳಿಸಿದೆ. ಇನ್ನೊಂದು ಕಟ್ಟಿದೆ. ನಾಯಿ ಬೊಗಳಿ ನನ್ನ ಪರವಾಗಿ ಕರೆಯಿತು.

ನಾಂಗ್ ಲುಮಿಂಗ್ ಬಲಿಪೀಠದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದರು, ನಸುಕಿನ ಪೂಜೆಗೆ. ಕೂರು ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಗೂಡಿಗೆ ಏನು ಹಚ್ಚುತ್ತಿದ್ದಿರಿ ಎಂದು ಕೇಳಿದೆ, ನೆಲಕ್ಕೆ ಹೇಳಿದಂತೆ.

ಹೇಳಿದರು. ಉರಿದು ಉಳಿದ ಮೇಣದಬತ್ತಿಯ ತುಂಡು ಕರಗಿಸಿ, ಸೀಮೆಎಣ್ಣೆ ಬೆರೆಸಿ, ತೆಂಗಿನ ಸಿಪ್ಪೆಯಲ್ಲಿ ಉಜ್ಜುವುದು. ಜನ ಮುಟ್ಟುವ ಕಡೆ ಮಾತ್ರ. ಫಾದರ್ ಕೂರುವ ಒಳಮೈಗೆ ಹೆಂಗಸರು ಕೈ ಹಾಕುತ್ತಿರಲಿಲ್ಲ. ಗೂಡು ಒರೆಸುವ ಕೆಲಸ ಅವರಮ್ಮನ ಕೈ ದಾಟಿ ಅವರ ಕೈಗೆ ಬಂದಿತ್ತು.

"ಯಾಕೆ, ಅಂಟು ಹಿಡೀತಿಲ್ವಾ?"

"ಇಲ್ಲ, ನಾಂಗ್."

"ಹಿಡಿಯಲ್ಲ." ಮುಖದಲ್ಲಿ ಒಂದು ಹೆಮ್ಮೆ ಬಂದು ಹೋಯಿತು. ಕೆಲಸ ಗಟ್ಟಿಯಾಗಿ ಮಾಡಿದವರ ಹೆಮ್ಮೆ.

ಅಷ್ಟರಲ್ಲಿ ಬಟ್ಟೆಯ ಮೇಲೆ ಮೇಣದ ಹನಿಯೊಂದು ಸಿಕ್ಕಿತು. ಅದರ ಮೇಲೆ ಕಂದು ಕಾಗದ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದರು. ಕಾಗದದಲ್ಲಿ ಎಣ್ಣೆಯಂಥ ಕಲೆ ಹರಡಿತು. ಎತ್ತಿದರೆ ಬಟ್ಟೆ ಬೆಳ್ಳಗೆ. ನಾನು ಬಾಯಿಬಿಟ್ಟು ನೋಡುತ್ತಿದ್ದೆನೇನೋ. ಅವರಿಗೆ ಅರ್ಥವಾಯಿತು. ಮೇಜಿನ ಕೆಳಗಿನಿಂದ ಕಾಗದದ ಕಟ್ಟು ತೆಗೆದು ನನ್ನ ಕಡೆ ನೂಕಿದರು.

"ಬಟ್ಟೆ ಆದ್ರೇನು, ಮರ ಆದ್ರೇನು. ಮೇಣ ಮೇಣಾನೇ. ಸಾವಕಾಶ ಮಾಡು, ಸುಟ್ಟುಬಿಟ್ಟೀಯ."

ಥ್ಯಾಂಕ್ಸ್ ಹೇಳಿ ಹೊರಟೆ. ಬಾಗಿಲಲ್ಲಿದ್ದಾಗ ಕೇಳಿದರು, ಯಾವ ಹಲಗೆ ಎಂದು. ಊರಿಗೆಲ್ಲ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ; ಅವರೆದುರು ಯಾರೂ ಈ ಮಾತೆತ್ತುವುದಿಲ್ಲ. ಬಾಗಿಲಿನ ಮರವೋ, ಚಾವಣಿಯದೋ ಎಂದುಕೊಂಡಿದ್ದರಂತೆ.

"ಹೆಂಗಸರ ಕಡೇದು. ಜಾಲರಿ ಪಕ್ಕದ್ದು."

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತಿದ್ದನ್ನು ನಾನು ಪೂಜೆಯ ಹೊರತು ನೋಡಿಯೇ ಇಲ್ಲ.

"ನಿನ್ನ ವಯಸ್ಸಲ್ಲಿ ಅಲ್ಲಿ ಒಂದ್ ಮಾತು ಹೇಳಿದ್ದೆ. ಆಮೇಲೆ ಎಲ್ಲೂ ಹೇಳ್ಲಿಲ್ಲ. ಕೇಳಿದ ಫಾದರ್ ಸತ್ರು. ಗೂಡೊಂದು ಉಳೀತು. ಪ್ರತಿ ವರ್ಷ ಅದನ್ನ ಒರೆಸೋವಾಗ, ಇದೂ ಒಂದಿನ ಸುಟ್ಟು ಬೂದಿ ಆದ್ರೆ ಮುಗೀತು ಅಂದ್ಕೊತಿದ್ದೆ." ಮಡಿಚಿದ ಬಟ್ಟೆಯ ಅಂಚು ಸರಿಮಾಡಿ, "ಈಗ ನೀವು ಅದಕ್ಕೆ ತಂತಿ ಕಟ್ತಿದೀರಿ," ಎಂದರು.

ಕೋಪವಿರಲಿಲ್ಲ. ಅದೇ ಕಷ್ಟವಾಗಿದ್ದು.

ಈ ಸಲ ನಸುಕಿನ ಪೂಜೆಗೆ ತಾನು ಬರುವುದಿಲ್ಲ ಎಂದರು. ಕಾಗದ ವಾಪಸು ಕೇಳಲಿಲ್ಲ.

ಡಿಸೆಂಬರ್ 12

ಕಾಗದ ಹಾಸು, ಇಸ್ತ್ರಿ ಒತ್ತು, ಎತ್ತು. ಹೊಸ ಕಾಗದ. ಮತ್ತೆ. ಮರ ಬಿಟ್ಟುಕೊಡುತ್ತಲೇ ಇದೆ. ಕಾಗದಗಳು ಒದ್ದೆಯಾದಂತೆ ಪಾರದರ್ಶಕವಾಗಿ ಅಂಗಡಿಯ ತುಂಬ ನೇತಾಡುತ್ತಿವೆ. ಧೂಪ, ಮೇಣ, ಕೊಬ್ಬರಿ ಎಣ್ಣೆ — ಅಂಗಡಿಗೆ ಬಂದವರೆಲ್ಲ ಚರ್ಚಿನೊಳಗೆ ಬಂದಂತೆ ಟೋಪಿ ತೆಗೆಯುತ್ತಿದ್ದಾರೆ. ಗೊತ್ತಾಗದೆಯೇ.

ತಿಯೋ ಈಗ ಇಡೀ ಒಳಮೈ ಕೀಸಿಬಿಡೋಣ ಎಂದರು. ನ್ಯಾಯವೇ. ಆದರೆ ಪಟ್ಟಿ ಕೂರುವ ಗೆರೆಗಳನ್ನಷ್ಟೇ ಕೀಸಿದೆ. ಮರ ಬೆಳ್ಳಗಾಗುವ ತನಕ, ನೀರಿನ ಹನಿ ಇಂಗುವ ತನಕ. ಹಣೆಯ ಕಲೆ ಎರಡು ಪಟ್ಟಿಗಳ ನಡುವೆ ಬಿತ್ತು. ಅಲ್ಲಿಗೆ ಯಾವ ಪಟ್ಟಿಯೂ ಬೇಕಿಲ್ಲ. ಉಳಿಸಿದೆ. ಈ ಸಲ ಹಟಕ್ಕಲ್ಲ. ಅದು ಒಬ್ಬರದು ಎಂದು ಈಗ ಗೊತ್ತಿದೆ. ನನಗೆ ಅಳಿಸುವ ಹಕ್ಕಿಲ್ಲ. ಉಳಿಸುವ ಹಕ್ಕಿದೆಯೇ?

ನಾಂಗ್ ಲುಮಿಂಗ್ ಹೇಳಿದ್ದನ್ನು ತಿಯೋಗೆ ಹೇಳಿಲ್ಲ. ಮೇಣದ ವಿಷಯ ಮಾತ್ರ ಹೇಳಿದೆ.

ಡಿಸೆಂಬರ್ 14

ಬೆನ್ನು ಮುಚ್ಚಿದೆವು. ಸಂಜೆ ತಂತಿ. ಈ ಸಲ ಯಾರನ್ನೂ ಕರೆಯಲಿಲ್ಲ, ಬಾಗಿಲು ಹಾಕಿಕೊಂಡೆವು. ತಿಯೋ ಬಿರಡೆ ತಿರುಗಿಸುವಾಗ ನಾನು ಕಿವಿ ಮುಚ್ಚಿಕೊಂಡಿದ್ದೆ.

ಹಿಡಿಯಿತು. ಏನೂ ಬೀಳಲಿಲ್ಲ. ಕಾದೆವು. ತಿಯೋ ಒಂದು ಸಿಗರೇಟು ಸೇದಿದರು. ಇನ್ನೊಂದು. ಬೀಳಲಿಲ್ಲ.

ಮೀಟಿದೆ. ಮೇಣ ಹೋದ ಮರ ಬೇರೆಯೇ ಮಾತಾಡುತ್ತದೆ. ಮೊದಲ ಸಲ ಕೇಳಿದ್ದು ಬಾಯಿಗೆ ಬಟ್ಟೆ ಕಟ್ಟಿಕೊಂಡ ದನಿ, ಈಗ ಬಿಚ್ಚಿದೆ. ಒಂದು ತಂತಿ ಮೀಟಿದರೆ ಉಳಿದವೂ ಮೆಲ್ಲಗೆ ಊಂ ಎನ್ನುತ್ತವೆ. ಅದೇ ಊಂ. ಅವತ್ತು ಹಿತ್ತಲಿನಲ್ಲಿ ಕೇಳಿದ್ದು. ನಗು ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ತಿಯೋ ಬೆನ್ನು ತಟ್ಟಿದರು — ಗಿಟಾರಿನದು. ಟಕ್ ಟಕ್. ತಲೆ ಓರೆ. ಆಮೇಲೆ ನನ್ನ ಬೆನ್ನು ತಟ್ಟಿದರು. ಅದೇ ಗೆಣ್ಣಿನಿಂದ.

"ಎರಡೂ ಸರಿಯಾಗಿವೆ," ಎಂದರು.

ಡಿಸೆಂಬರ್ 15, ಸಂಜೆ

ಫಾದರ್ ಅಮಾಂಡೊ ಬಂದು ನೋಡಿ ಹೋದರು. ಬೆರ್ತೊ ಬಂದು ಒಂದು ಗಂಟೆ ನುಡಿಸಿದ, ತಮಾಷೆ ಮಾಡುವುದನ್ನೇ ಮರೆತ. ನಾಳೆ ನಸುಕಿನಲ್ಲಿ ಟ್ರೈಸಿಕಲ್ ತಂದು ಗಿಟಾರನ್ನೂ ನನ್ನನ್ನೂ ಕರೆದುಕೊಂಡು ಹೋಗುತ್ತಾನೆ. ಚರ್ಚಿನ ಹೊರಗೆ ಈಗಾಗಲೇ ಅಕ್ಕಿ ರೊಟ್ಟಿಯವರು ಒಲೆ ಜೋಡಿಸುತ್ತಿದ್ದಾರೆ. ಊರಿಗೆ ಊರೇ ಬೇಗ ಮಲಗಲು ನೋಡುತ್ತಿದೆ, ನಿದ್ದೆ ಯಾರಿಗೂ ಬರುವುದಿಲ್ಲ. ನನಗಂತೂ.

ಅಮ್ಮ ಹೇಳಿದಳು, ನಾಂಗ್ ಲುಮಿಂಗ್ ಇಸ್ತ್ರಿ ಮಾಡಿದ ಬಟ್ಟೆಗಳನ್ನು ಬೇರೆಯವರ ಕೈಲಿ ಕಳಿಸಿದ್ದಾರೆ. ಒಂಬತ್ತು ನಸುಕಿನ ಪೂಜೆಗಳನ್ನು ಆಕೆ ಯಾವ ವರ್ಷವೂ ತಪ್ಪಿಸಿದವರಲ್ಲ. ಜ್ವರವಿದ್ದರೂ ಬಂದವರು, ಚಂಡಮಾರುತದ ವರ್ಷ ಚಾವಣಿಯಿಲ್ಲದ ಚರ್ಚಿನಲ್ಲಿ ಕೊಡೆ ಹಿಡಿದು ನಿಂತವರು. ತಿಯೋ, "ಹಟ," ಎಂದರು. ಅಮ್ಮ, ವಯಸ್ಸಾಯಿತು ಎಂದಳು. ನಾನು ಅನ್ನ ಕಲಸುತ್ತ ಕೂತೆ.

ಊಟವಾದ ಮೇಲೆ ಗಿಟಾರನ್ನು ಕೋಣೆಗೆ ತಂದಿಟ್ಟುಕೊಂಡೆ. ಬೆಳಕು ಬಿಟ್ಟು, ಚಿಕ್ಕ ಕನ್ನಡಿ ಇಳಿಸಿ ತೂತಿನೊಳಗೆ ನೋಡಿದೆ. ಕಲೆ ಅಲ್ಲೇ ಇದೆ. ಎರಡು ಬೆರಳು ಇಳಿಬಿಟ್ಟು ಒಳಮೈಗೆ ಮಡಚಿದರೆ ಮುಟ್ಟಬಹುದು. ನುಣುಪಾಗಿದೆ.

ಇಡೀ ಊರು ನಾಳೆ ಇದನ್ನು ಕೇಳುತ್ತದೆ. ಅದಕ್ಕೆ ತನ್ನ ಗುಟ್ಟು ಹೇಳಿಕೊಂಡವರೊಬ್ಬರು ಮಾತ್ರ ಮನೆಯಲ್ಲಿ ಕೂತು, ದೂರದಿಂದ ಬರುವ ಸದ್ದಿಗೆ ಹೆದರುತ್ತಿರುತ್ತಾರೆ. ಅವರು ಕಲ್ಪಿಸಿಕೊಂಡಿರುವ ಸದ್ದೇ ಬೇರೆ. ಇದು ಹೇಳುವುದಿಲ್ಲ, ನಾಂಗ್. ಇದು ಹೂಂಗುಟ್ಟುತ್ತದೆ ಅಷ್ಟೇ. ಆದರೆ ಅದನ್ನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ, ಅದೂ ನನ್ನ ಬಾಯಲ್ಲಿ.

ಮೊದಲು ಅವರು ಕೇಳಬೇಕು. ಒಬ್ಬರೇ. ಗಂಟೆ ಹೊಡೆಯುವ ಮುಂಚೆ. ನನಗೆ ಪೂರ್ತಿ ಬರುವುದು ಒಂದೇ ಹಾಡು, ಅದೂ ತಪ್ಪುತಪ್ಪಾಗಿ. ಅದನ್ನೇ ನುಡಿಸುತ್ತೇನೆ. ಆಮೇಲೆ ಗಿಟಾರನ್ನು ಅವರ ಮಡಿಲಿಗಿಡುತ್ತೇನೆ. ಅವರು ಬೆರಳಿಟ್ಟು ನೋಡಲಿ.

ಇದು ನನ್ನದಲ್ಲ, ಚರ್ಚಿನದು, ಗೊತ್ತು. ತಿಯೋನ ಎರಡು ತಿಂಗಳು, ಫಾದರ್ ಕೊಟ್ಟ ಮಾತು, ಬೆರ್ತೊನ ಹಾಡು. ಎಲ್ಲ ಗೊತ್ತು. ಆದರೂ ಅವರು, ಇದು ಚರ್ಚಿಗೆ ಬರಲಿ, ಅಂದರೆ ನಾವಿಬ್ಬರೂ ಒಟ್ಟಿಗೆ ಚರ್ಚಿಗೆ ನಡೆಯುತ್ತೇವೆ. ಸುಡು ಅಂದರೆ ಅವರ ಒಲೆಯ ಮುಂದೆ ನಾನೇ ತಂತಿ ಬಿಚ್ಚುತ್ತೇನೆ. ಯಾರಿಗೂ ಹೇಳಿಲ್ಲ.

ಬೆರ್ತೊ ಬರುವುದಕ್ಕೆ ಬಹಳ ಮುಂಚೆ ಅಲಾರಂ ಇಟ್ಟಿದ್ದೇನೆ. ಚಪ್ಪಲಿ ಬಾಗಿಲ ಹತ್ತಿರ. ನಾಯಿಗೆ ಒಂದು ತುಂಡು ಒಣಮೀನು, ಜೇಬಿನಲ್ಲಿ. ಗೇಟಿನ ಹತ್ತಿರ ನಿಂತು ಈ ಸಲ ವಾಕ್ಯ ಕಟ್ಟುವುದಿಲ್ಲ, ನೇರವಾಗಿ ಒಳಗೆ ಹೋಗಿ ಬಾಗಿಲು ತಟ್ಟುತ್ತೇನೆ, ಗೆಣ್ಣಿನಿಂದ.